ಹಳೇ ಆರ್‌ಪಿಜಿ ಸಬ್‌ರೂಟೀನ್‌ನ ಪ್ರೊಸೀಜರ್ ಆಗಿ ಬದಲಾಯಿಸೋದು ಹೇಗೆ

ತುಮಕೂರಿಂದ ದಿನಾ ಟ್ರೈನಲ್ಲಿ ಬೆಂಗಳೂರಿಗೆ ಹೋಗಿ ಎಎಸ್‌ 400 ಅನ್ನೋ ಐಬಿಎಂ ಕಂಪ್ಯೂಟರ್ ಮೇಲೆ ಆರ್‌ಪಿಜಿ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಕೋಡ್ ನೋಡೋದೇ ನನ್ನ ಕೆಲಸ. ಹೊಸಬರು ಬೆಗ್‌ಎಸ್‌ಆರ್ (ಸಬ್‌ರೂಟೀನ್ ಶುರುವಾಗೋ ಲೈನ್) ತೆಗೆದು ಡಿಸಿಎಲ್‌-ಪ್ರಾಕ್ (ಪ್ರೊಸೀಜರ್ ಶುರುವಾಗೋ ಲೈನ್) ಹಾಕ್ಬಿಟ್ರೆ ಮುಗೀತು ಅನ್ಕೋತಾರೆ, ಹಂಗಲ್ಲ, ಒಳಗಿರೋ ಗ್ಲೋಬಲ್ ವೇರಿಯಬಲ್‌ಗಳನ್ನ, ಅಂದ್ರೆ ಇಡೀ ಪ್ರೋಗ್ರಾಮ್‌ಗೆ ಸಿಗೋ ವೇರಿಯಬಲ್‌ಗಳನ್ನ, ಬಿಡಿಸೋದೇ ನಿಜವಾದ ಕೆಲಸ.

ತಿಪಟೂರು ಮಾರ್ಕೆಟ್‌ನ ಉಂಡೆ ಕೊಬ್ಬರಿ ಬಿಲ್ ಅನ್ಕೊಳ್ಳಿ, ತೂಕ 230 ಕೆಜಿ, ರೇಟು ಕ್ವಿಂಟಾಲ್‌ಗೆ 12,000, ಮೊತ್ತ 27,600. ಈ ಲೆಕ್ಕ ಸಬ್‌ರೂಟೀನಲ್ಲಿದ್ರೆ ಅದನ್ನ ಕರೆಯೋ ಎಕ್ಸ್‌ಎಸ್‌ಆರ್ ಲೈನ್ ನೋಡಿ ಏನು ಒಳಗೆ ಹೋಯ್ತು ಏನು ಹೊರಗೆ ಬಂತು ಅಂತ ಗೊತ್ತಾಗೋದೇ ಇಲ್ಲ. ಅದಕ್ಕೆ ಮೊದಲು ಪೇಪರ್ ತಗೊಂಡು ಅದು ಮುಟ್ಟೋ ವೇರಿಯಬಲ್ ಎಲ್ಲಾ ಬರ್ಕೊಳ್ಳಿ. ಬರೀ ಓದೋದು ಅಂದ್ರೆ ತೂಕ, ರೇಟು, ಇವು ಪ್ಯಾರಾಮೀಟರ್, ಪ್ಯಾರಾಮೀಟರ್ ಬರೆಯೋ ಡಿಸಿಎಲ್‌-ಪಿಐ ಒಳಗೆ ಕಾನ್ಸ್ಟ್ (ಒಳಗೆ ಬದಲಾಯಿಸಂಗಿಲ್ಲ ಅಂತ) ಹಾಕಿ ಕೊಡಿ. ಹೊರಗೆ ಬೇಕಾಗಿರೋ ಮೊತ್ತ ರಿಟರ್ನ್ ವ್ಯಾಲ್ಯೂ. ಮಿಕ್ಕಿದ್ದು ಲೋಕಲ್, ಅಂದ್ರೆ ಪ್ರೊಸೀಜರ್ ಒಳಗೆ ಮಾತ್ರ ಇರೋದು. ಆಮೇಲೆ ಕರೆಯೋ ಜಾಗದಲ್ಲಿ ಮೊತ್ತ = ಬಿಲ್‌ಲೆಕ್ಕ(ತೂಕ : ರೇಟು) ಅಂತ ಬರುತ್ತೆ, ಓದಿದ್ರೇನೇ ಅರ್ಥ ಆಗುತ್ತೆ, ಎಷ್ಟು ಚೆನ್ನಾಗಿದೆ ನೋಡಿ! ಲೋಕಲ್ ವೇರಿಯಬಲ್ ಪ್ರತಿ ಸಲ ಹೊಸದಾಗಿ ಶುರುವಾಗುತ್ತೆ, ಹಳೇ ವ್ಯಾಲ್ಯೂ ಉಳೀಬೇಕು ಅಂದ್ರೆ ಸ್ಟ್ಯಾಟಿಕ್ ಹಾಕ್ಬೇಕು. ಕಂಪೈಲ್ ಮಾಡುವಾಗ ಕಂಟ್ರೋಲ್ ಆಪ್ಷನ್‌ನಲ್ಲಿ ಡಿಎಫ್‌ಟಿಎಸಿಟಿಜಿಆರ್‌ಪಿ ಸ್ಟಾರ್ ನೋ (ಡಿಫಾಲ್ಟ್ ಆಕ್ಟಿವೇಷನ್ ಗ್ರೂಪ್ ಬೇಡ ಅಂತ) ಹಾಕೋದು ಮರೀಬೇಡಿ.

ರಿಟರ್ನ್ ವಿಷಯದಲ್ಲಿ ಮಾತ್ರ ತುಂಬಾ ಹುಷಾರು. ಸಬ್‌ರೂಟೀನ್ ಒಳಗಿನ ರಿಟರ್ನ್ ಇಡೀ ಪ್ರೋಗ್ರಾಮಿಂದಾನೇ ಆಚೆ ಹೋಗುತ್ತೆ, ಪ್ರೊಸೀಜರ್ ಒಳಗೆ ಅದೇ ರಿಟರ್ನ್ ಕರೆದ ಜಾಗಕ್ಕೆ ವಾಪಸ್ ಬರುತ್ತೆ ಅಷ್ಟೇ. ಹಿಂದೆ ಒಂದು ಕಡೆ ಕೆಲಸ ಮಾಡುವಾಗ ರೇಟು ಸೊನ್ನೆ ಇದ್ರೆ ರಿಟರ್ನ್ ಅಂತಿದ್ದ ಸಬ್‌ರೂಟೀನ್‌ನ ನಾನು ರಿಟರ್ನ್ 0 ಅಂತ ಬದಲಾಯಿಸಿದೆ, ಪ್ರೋಗ್ರಾಮ್ ನಿಲ್ಲದೆ ಮುಂದಕ್ಕೆ ಹೋಗಿ ಫೈಲಿಗೆ ಸೊನ್ನೆ ಬಿಲ್ ಬರೀತಾ ಹೋಯ್ತು, ಎರಡು ದಿನ ಕೂತು ಸರಿ ಮಾಡಿದ್ವಿ. ಲೀವ್‌ಎಸ್‌ಆರ್ (ಸಬ್‌ರೂಟೀನಿಂದ ಮಾತ್ರ ಆಚೆ ಬರೋ ಲೈನ್) ಇದ್ದ ಕಡೆ ರಿಟರ್ನ್ ಹಾಕಿ, ಹಳೇ ರಿಟರ್ನ್ ಇದ್ರೆ ಪ್ರೊಸೀಜರ್ ಕರೆಯೋ ಜಾಗದಲ್ಲಿ ವಾಪಸ್ ಬಂದ ವ್ಯಾಲ್ಯೂ ನೋಡಿ ಪ್ರೋಗ್ರಾಮ್ ನಿಲ್ಲಿಸಬೇಕಾ ಅಂತ ಚೆಕ್ ಮಾಡೋ ಕೋಡ್ ಬರೀರಿ.

ಇನ್ನೊಂದು, ಲೋಕಲ್ ಡಿಕ್ಲೇರ್ ಮಾಡೋದು ಮರೆತ್ರೆ ಕಂಪೈಲರ್ ಸುಮ್ನೆ ಅದೇ ಹೆಸರಿನ ಗ್ಲೋಬಲ್‌ನ ತಗೊಳ್ಳುತ್ತೆ, ಎರರ್ ಬರಲ್ಲ. ಇದನ್ನ ಹಿಡಿಯೋಕೆ ಪ್ರೊಸೀಜರ್‌ನ ಬೇರೆ ನೋಮೇನ್ ಮಾಡ್ಯೂಲ್‌ಗೆ (ಮೇನ್ ಪ್ರೋಗ್ರಾಮ್ ಇಲ್ಲದ, ಬರೀ ಪ್ರೊಸೀಜರ್ ಇರೋ ಫೈಲ್) ಹಾಕಿ ಕಂಪೈಲ್ ಮಾಡಿ, ಬಿಟ್ಟುಹೋದ ಗ್ಲೋಬಲ್ ಒಂದೊಂದೂ ಡಿಫೈನ್ ಆಗಿಲ್ಲ ಅಂತ ಕಂಪೈಲರ್ ಕೊಡೋ ಲಿಸ್ಟಿಂಗ್‌ನಲ್ಲಿ ಬರುತ್ತೆ.