ಹೊಗಳುವ ಮುನ್ನ ನೋಡಿರಬೇಕು

ಕೆಲವು ವರ್ಷಗಳ ಹಿಂದೆ ಸಂಬಂಧಿಕರ ಮದುವೆಯೊಂದರಲ್ಲಿ ಕೊನೆಯ ಪಂಕ್ತಿ ಎದ್ದ ಮೇಲೆ ಅಡುಗೆಮನೆಯ ಕಡೆ ಹೋಗಿ, ಭಟ್ಟರಿಗೆ "ಊಟ ತುಂಬಾ ಚೆನ್ನಾಗಿತ್ತು" ಎಂದೆ. ಅವರು ಪಾತ್ರೆಗಳನ್ನು ಎಣಿಸುತ್ತಲೇ ತಲೆಯಾಡಿಸಿದರು. ನನ್ನ ಹಿಂದೆಯೇ ಬಂದ ಸೋದರತ್ತೆ, "ಮಜ್ಜಿಗೆಹುಳಿಯಲ್ಲಿ ಬೂದುಗುಂಬಳದ ಹೋಳು ಒಂದೂ ಕರಗಿರಲಿಲ್ಲ, ಹಾಗೆಂದು ಗಟ್ಟಿಯೂ ಇರಲಿಲ್ಲ, ಇಷ್ಟು ಜನಕ್ಕೆ ಮಾಡುವಾಗ ಆ ಹದ ಹೇಗೆ ಹಿಡಿದಿರಿ?" ಎಂದು ಕೇಳಿದರು. ಭಟ್ಟರು ಎಣಿಕೆ ಬಿಟ್ಟು ಕೈ ಒರೆಸಿಕೊಂಡರು. ಕೊಪ್ಪರಿಗೆಯ ಬಿಸಿ ಒಲೆಯಿಂದ ಇಳಿಸಿದ ಮೇಲೂ ಬಹಳ ಹೊತ್ತು ಆರುವುದಿಲ್ಲವಾದ್ದರಿಂದ ಹೋಳು ಇನ್ನೂ ತುಸು ಬಿರುಸಾಗಿರುವಾಗಲೇ ಇಳಿಸಿಬಿಡಬೇಕೆಂದೂ, ಮಜ್ಜಿಗೆ ಬಿದ್ದ ಮೇಲೆ ಮರಳಲು ಬಿಟ್ಟರೆ ಒಡೆದುಹೋಗುತ್ತದೆಂದೂ ಐದು ನಿಮಿಷ ವಿವರಿಸಿದರು.

ನನ್ನ ಮಾತೂ ಸುಳ್ಳಾಗಿರಲಿಲ್ಲ. ಆದರೆ ಅದನ್ನು ಊಟ ಮಾಡದವನೂ ಹೇಳಬಹುದಿತ್ತು. ಅತ್ತೆಯ ಮಾತನ್ನು ಉಂಡವರು ಮಾತ್ರ ಹೇಳಬಲ್ಲರು. ಆದ್ದರಿಂದ ಹೊಗಳಬೇಕೆನಿಸಿದಾಗ ಮೊದಲು ಮಾಡಬೇಕಾದದ್ದು ಬಾಯಿ ತೆರೆಯುವುದಲ್ಲ, ಮೆಚ್ಚಿದ್ದು ಯಾವುದನ್ನು ಎಂದು ತನ್ನೊಳಗೆ ಗೊತ್ತುಮಾಡಿಕೊಳ್ಳುವುದು. ಭಾಷಣ ಹಿಡಿಸಿದ್ದರೆ ಯಾವ ಉದಾಹರಣೆಯಿಂದ ವಿಷಯ ತಿಳಿಯಾಯಿತು, ಸಹೋದ್ಯೋಗಿಯ ವರದಿ ಮೆಚ್ಚುಗೆಯಾಗಿದ್ದರೆ ಅದರ ಯಾವ ಪಟ್ಟಿಯಿಂದ ನಿಮ್ಮ ಕೆಲಸ ಹಗುರಾಯಿತು ಎಂಬುದನ್ನು ಹೆಸರಿಸಬೇಕು. "ಅದ್ಭುತ", "ಸೂಪರ್" ಎಂಬ ವಿಶೇಷಣಗಳು ಆಮೇಲೆ ಬೇಕೆನಿಸುವುದೇ ಇಲ್ಲ. ನಮ್ಮ ಹಿರಿಯರು ಬಾಯ್ತುಂಬ ಹೊಗಳಿದ್ದು ಕಡಿಮೆ; "ಪರವಾಗಿಲ್ವೇ!" ಎಂದು ಹುಬ್ಬೇರಿಸಿದರೆ ಅದೇ ಬಹುಮಾನವಾಗಿತ್ತು. ಆ ಜಿಪುಣತನವನ್ನು ಅನುಸರಿಸಬೇಕಿಲ್ಲವಾದರೂ, ಅಳೆದು ಕೊಟ್ಟ ಮಾತಿಗೆ ತೂಕ ಹೆಚ್ಚೆಂಬುದು ಅವರಿಗೆ ಗೊತ್ತಿತ್ತು.

ಯಾವಾಗ, ಯಾರೆದುರು ಹೊಗಳಬೇಕೆಂಬುದಕ್ಕೆ ಹಳೆಯ ಸಂಸ್ಕೃತ ಸುಭಾಷಿತವೊಂದಿದೆ: ಗುರುಗಳನ್ನು ಎದುರಿಗೆ, ಸ್ನೇಹಿತರನ್ನೂ ಬಂಧುಗಳನ್ನೂ ಹಿಂದಿನಿಂದ, ಆಳುಕಾಳುಗಳನ್ನು ಕೆಲಸ ಮುಗಿದ ಮೇಲೆ ಹೊಗಳಬೇಕು, ಮಕ್ಕಳನ್ನು ಹೊಗಳಲೇಬಾರದು ಎಂಬುದು ಅದರ ಸಾರ. ಹೆಂಡತಿಯನ್ನು ಸತ್ತ ಮೇಲೆ ಹೊಗಳಬೇಕೆಂಬ ಮಾತೂ ಅದರ ಬಾಲದಲ್ಲಿದೆ. ಅದನ್ನು ಚಾಚೂ ತಪ್ಪದೆ ಪಾಲಿಸಿದ ಮನೆಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಈ ಪಟ್ಟಿಯಲ್ಲಿ ನಾನು ಉಳಿಸಿಕೊಳ್ಳುವುದು ಎರಡನೆಯದನ್ನು. ಗೆಳೆಯನಿಲ್ಲದ ಕಡೆ ಆಡಿದ ಒಳ್ಳೆಯ ಮಾತು ಸುತ್ತಿ ಬಳಸಿ ಅವನ ಕಿವಿಗೆ ಬಿದ್ದರೆ, ಅದರಲ್ಲಿ ಬೆಣ್ಣೆ ಹಚ್ಚುವ ಉದ್ದೇಶವಿತ್ತೆಂಬ ಅನುಮಾನಕ್ಕೆ ಎಡೆಯೇ ಇರುವುದಿಲ್ಲ. ಹಾಗೆಯೇ ಬೇರೆಯವರು ಯಾರನ್ನಾದರೂ ಮೆಚ್ಚಿದ್ದು ನಿಮಗೆ ಕೇಳಿಸಿದ್ದರೆ, ಅದನ್ನು ಸಂಬಂಧಪಟ್ಟವರಿಗೆ ಮುಟ್ಟಿಸುವುದೂ ನಿಮ್ಮದೇ ಕೆಲಸವೆಂದು ತಿಳಿಯಿರಿ. ಚಾಡಿಯನ್ನು ಮುಟ್ಟಿಸಲು ಇರುವಷ್ಟು ಉತ್ಸಾಹ ನಮಗೆ ಇದರಲ್ಲಿ ಇರುವುದಿಲ್ಲ.

ಮಕ್ಕಳ ವಿಷಯದಲ್ಲಿ ಸುಭಾಷಿತಕಾರ ಅರ್ಧ ಮಾತ್ರ ಸರಿ. ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಎಂಬ ಮನೋವಿಜ್ಞಾನಿಗಳು 1998ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ, ಒಗಟುಗಳನ್ನು ಬಿಡಿಸಿದ ಕೆಲವು ಮಕ್ಕಳಿಗೆ ಬುದ್ಧಿವಂತರೆಂದೂ, ಇನ್ನು ಕೆಲವರಿಗೆ ಚೆನ್ನಾಗಿ ಶ್ರಮಪಟ್ಟಿರೆಂದೂ ಹೇಳಲಾಯಿತು. ಮುಂದೆ ಕಠಿಣ ಒಗಟುಗಳಲ್ಲಿ ಸೋತಾಗ ಬುದ್ಧಿವಂತರೆನಿಸಿಕೊಂಡವರಲ್ಲಿ ಮುಂದುವರಿಸುವ ಉತ್ಸಾಹ ಕುಗ್ಗಿತು, ಶ್ರಮಕ್ಕೆ ಮೆಚ್ಚುಗೆ ಪಡೆದವರಲ್ಲಿ ಅದು ಹೆಚ್ಚಾಗಿ ಉಳಿದಿತ್ತು. "ನೀನು ಜಾಣ" ಎಂಬುದಕ್ಕಿಂತ "ಎರಡು ಸಲ ತಪ್ಪಿದರೂ ಬೇರೆ ದಾರಿ ಹಿಡಿದೆಯಲ್ಲ" ಎನ್ನುವುದು ಮೇಲು. ಹಸುಗೂಸಿನ ಮಾತು ಬೇರೆ: ದೃಷ್ಟಿ ತಾಗೀತೆಂದು ಅಳುಕುವ ಮನೆಯಲ್ಲಿ ಅದರ ಬಣ್ಣ, ಮೈಕಟ್ಟುಗಳನ್ನು ವರ್ಣಿಸದೆ "ನೂರು ಕಾಲ ಬಾಳಲಿ" ಎಂದರೆ ತಾಯಿಗೆ ಸಮಾಧಾನ.

ಕೆಲವು ಬಗೆಯ ಹೊಗಳಿಕೆಗಳು ಹುಟ್ಟುವಾಗಲೇ ಕೆಟ್ಟಿರುತ್ತವೆ. "ಸಣ್ಣಗಾಗಿದ್ದೀರಿ, ಈಗ ಚೆನ್ನಾಗಿ ಕಾಣುತ್ತೀರಿ" ಎಂಬುದರಲ್ಲಿ ಮೊದಲು ಚೆನ್ನಾಗಿರಲಿಲ್ಲವೆಂಬ ಇರಿತವಿದೆ. ಕಾಯಿಲೆಯಿಂದ ಸಣ್ಣಗಾದವರೂ ಇರುತ್ತಾರೆ. "ಅಕ್ಕನಿಗಿಂತ ನೀನೇ ವಾಸಿ" ಎಂದರೆ ಒಬ್ಬಳನ್ನು ಏರಿಸಲು ಇನ್ನೊಬ್ಬಳನ್ನು ಮೆಟ್ಟಿಲಾಗಿಸಿದಂತೆ. ಹೊಗಳಿದ ಉಸಿರಿನಲ್ಲೇ ಸಾಲ ಕೇಳುವವರ ವಿಷಯ ಹೇಳಬೇಕಾದ್ದಿಲ್ಲ. ಇನ್ನು ಸಭೆಯಲ್ಲಿ ನಿಲ್ಲಿಸಿ ಹೊಗಳಿ ಹೊಗಳಿ ಹೊನ್ನಶೂಲಕ್ಕೇರಿಸುವುದು ಸಂಕೋಚದ ಸ್ವಭಾವದವರಿಗೆ ಶಿಕ್ಷೆಯೇ ಸರಿ. ಅಂಥವರಿಗೆ ಎರಡು ಸಾಲಿನ ಚೀಟಿ ಬರೆಯಿರಿ, ಅವರು ಅದನ್ನು ಮಡಚಿ ಇಟ್ಟುಕೊಳ್ಳುತ್ತಾರೆ.

ಕೊನೆಗೊಂದು ತೊಡಕು ಉಳಿಯುತ್ತದೆ. ಹೊಗಳಿಸಿಕೊಂಡ ಕನ್ನಡಿಗರು ಸಾಮಾನ್ಯವಾಗಿ "ಅಯ್ಯೋ, ಅಂಥದ್ದೇನಿಲ್ಲ ಬಿಡಿ" ಎನ್ನುತ್ತಾರೆ. ಆಗ ಮತ್ತೆ ಒತ್ತಿ ಹೊಗಳಲು ಹೋದರೆ ಇಬ್ಬರೂ ಮುಜುಗರಕ್ಕೆ ಸಿಕ್ಕಿಕೊಳ್ಳುತ್ತಾರೆ. ಆ ಭಟ್ಟರೂ ಎಲ್ಲ ವಿವರಿಸಿದ ಮೇಲೆ "ಆದರೂ ಇವತ್ತು ಉಪ್ಪು ಒಂದು ಚಿಟಿಕೆ ಮುಂದಾಯಿತು" ಎಂದು ಸೇರಿಸಿದ್ದರು. ಅತ್ತೆ ಅಲ್ಲಗಳೆಯಲಿಲ್ಲ, ಒಪ್ಪಲೂ ಇಲ್ಲ. "ನಮ್ಮ ಮನೆಯ ಗೃಹಪ್ರವೇಶ ಮಾಘದಲ್ಲಿದೆ, ನೀವೇ ಬರಬೇಕು" ಎಂದರು.