ಓಟದ ಬಳಗದಲ್ಲಿ ಮಾತು ಹೊರಡಿಸುವ ಬಗೆ

ಬಳಗಕ್ಕೆ ಹೊಸಬರು ಬಂದ ಕೂಡಲೇ ‘ಕಿಲೋಮೀಟರಿಗೆ ಎಷ್ಟು ನಿಮಿಷ?’ ಎಂದು ಕೇಳುವುದನ್ನು ದಯವಿಟ್ಟು ಬಿಡೋಣ. ಆ ಪ್ರಶ್ನೆಗೆ ಸಿಗುವುದು ಒಂದು ಅಂಕಿ ಮಾತ್ರ, ನಿಧಾನವಾಗಿ ಓಡುವವರಿಂದ ಅದೂ ಸಂಕೋಚದಲ್ಲಿ. ಅದರ ಬದಲು, ಮಲ್ಪೆ ಕಡಲತೀರದ ಓಟ ಮುಗಿಸಿ ಶೂ ಬಿಚ್ಚಿ ಮರಳು ಕೊಡವುವಾಗ ‘ಬನ್ಸೋ, ಗೋಳಿಬಜೆಯೋ?’ ಎಂದು ಕೇಳಿ ನೋಡಿ. ಕಳೆದ ಭಾನುವಾರ ಹಿರಿಯರೊಬ್ಬರು, ಬನ್ಸಿನಲ್ಲಿ ಬಾಳೆಹಣ್ಣಿರುವುದರಿಂದ ಅದು ಓಟಗಾರರ ಆಹಾರವೇ ಎಂದು ಗಂಭೀರವಾಗಿ ವಾದಿಸಿದಾಗ, ಅದುವರೆಗೆ ತುಟಿ ಬಿಚ್ಚದಿದ್ದ ಹುಡುಗಿಯೊಬ್ಬಳು ‘ಎಣ್ಣೆಯ ಲೆಕ್ಕ ಎಲ್ಲಿ ಹೋಯಿತು ಮಾವ?’ ಎಂದು ಕೇಳಿ ಎಲ್ಲರನ್ನೂ ನಗಿಸಿದಳು. ಓಡುತ್ತಲೇ ಹರಟುವುದಾದರೆ, ಪೂರ್ತಿ ವಾಕ್ಯ ಹೇಳಲು ಉಸಿರು ಸಾಲುವ ವೇಗವೇ ಸುಲಭ ಓಟದ ವೇಗ ಎಂಬುದು ನೆನಪಿರಲಿ. ನಮ್ಮ ಕರಾವಳಿಯ ಸೆಕೆಯಲ್ಲಿ ಅದು ಇನ್ನಷ್ಟು ತಗ್ಗುವುದರಿಂದ, ಉದ್ದದ ಉತ್ತರ ಬೇಡುವ ಪ್ರಶ್ನೆಗಳನ್ನು ಏರುದಾರಿಯಲ್ಲಿ ಕೇಳಬೇಡಿ.