ಅಂಚೆಪೆಟ್ಟಿಗೆಯ ಮೇಲೆ ಮನೆಹೆಸರು

ಜರ್ಮನಿಗೆ ಓದಲು ಹೊರಟವರು ಮೊದಲು ಚಳಿಯ ಬಗ್ಗೆ ಕೇಳುತ್ತಾರೆ, ಆಮೇಲೆ ಊಟದ ಬಗ್ಗೆ. ನಾನು ರಜೆಗೆ ಬಂದಾಗ ಕೊಡಗಿನ ಗೋಣಿಕೊಪ್ಪದ ಸಂತೆಯಲ್ಲಿ ಸಿಕ್ಕಿದವರದ್ದೂ ಇದೇ ಪ್ರಶ್ನೆ. ಬೆಚ್ಚನೆಯ ಜಾಕೆಟ್ ಅಲ್ಲೇ ಸಿಗುತ್ತದೆ, ಅಕ್ಕಿಯೂ ಸಿಗುತ್ತದೆ. ಹೊರಡುವ ಮೊದಲೇ ಗಟ್ಟಿಮಾಡಿಕೊಳ್ಳಬೇಕಾದದ್ದು ವಿಳಾಸ. ಸರ್ಕಾರಿ ಕಚೇರಿಯಲ್ಲಿ ನೋಂದಾಯಿಸಲು ಆಗುವಂಥ ಒಂದು ವಿಳಾಸ ಇದ್ದರೆ ಮೊದಲ ವಾರಗಳ ಮುಕ್ಕಾಲು ಕಷ್ಟ ಇಲ್ಲದಾಗುತ್ತದೆ. ಅಲ್ಲಿನ ವ್ಯವಸ್ಥೆಗೆ ವಿಳಾಸವೇ ತಾಯಿಬೇರು. ಬ್ಯಾಂಕು, ವಿಮೆ, ವಾಸದ ಪರವಾನಗಿ ಎಲ್ಲವೂ ಅದರಿಂದಲೇ ಹೊರಡುತ್ತವೆ.

ನಾನು ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದಲ್ಲಿ ಪದವಿ ಮುಗಿಸಿ, ಗಟ್ಟಿಂಗನ್ ವಿಶ್ವವಿದ್ಯಾಲಯಕ್ಕೆ ಉಷ್ಣವಲಯದ ಅರಣ್ಯಶಾಸ್ತ್ರದಲ್ಲಿ ಸ್ನಾತಕೋತ್ತರ ಓದಲು ಹೋದೆ. ಅರಣ್ಯ ಓದಿದವರಿಗೆ ಜರ್ಮನಿ ಹೊಸ ಹೆಸರಲ್ಲ. 1864ರಲ್ಲಿ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕರಾದ ಡೀಟ್ರಿಚ್ ಬ್ರಾಂಡಿಸ್ ಜರ್ಮನಿಯ ಬಾನ್ ನಗರದವರು. ನನಗಿದ್ದ ಇನ್ನೊಂದು ಕಾರಣ ದುಡ್ಡು. ಗಟ್ಟಿಂಗನ್ ಇರುವ ಲೋವರ್ ಸ್ಯಾಕ್ಸನಿ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಸೆಮಿಸ್ಟರ್ ಶುಲ್ಕ ಮಾತ್ರ ಇದೆ, ಅದರಲ್ಲೇ ರೈಲು ಪಾಸೂ ಸೇರಿರುತ್ತದೆ. ನಾಲ್ಕಾರು ಎಕರೆ ರೊಬಸ್ಟಾ ಕಾಫಿ ತೋಟದ ಮನೆಗೆ ಇದು ದೊಡ್ಡ ಮಾತು.

ಶುಲ್ಕವಿಲ್ಲ ಎಂದರೆ ಖರ್ಚೇ ಇಲ್ಲ ಎಂದಲ್ಲ. ಒಂದು ವರ್ಷ ಬದುಕಲು ಬೇಕಾದ ಹಣವನ್ನು ನಿರ್ಬಂಧಿತ ಖಾತೆಯಲ್ಲಿ ಮೊದಲೇ ಇಟ್ಟು ತೋರಿಸಬೇಕು. 2024ರ ಸೆಪ್ಟೆಂಬರಿನಿಂದ ಆ ಮೊತ್ತ 11,904 ಯೂರೋ. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ನಮ್ಮ ಕೈಗೆ ಬರುತ್ತದೆ. ಅದಕ್ಕೆ ಬ್ಯಾಂಕಿನ ಶಿಕ್ಷಣ ಸಾಲ, ನಮ್ಮ ಪದವಿಯನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ, ಬೆಂಗಳೂರಿನಲ್ಲಿ ವೀಸಾ ಹೀಗೆ ಓಡಾಟ. ಇದೆಲ್ಲ ನಡೆಯುವುದು ಸರಿಯಾಗಿ ಜೂನ್, ಜುಲೈ, ಆಗಸ್ಟಿನಲ್ಲಿ. ಆಗ ನಮ್ಮಲ್ಲಿ ಮಳೆ ಹಿಡಿದರೆ ಕರೆಂಟಿಲ್ಲ, ಕರೆಂಟ್ ಹೋದರೆ ಟವರಿಲ್ಲ. ಬಾಳೆಲೆ ಎಂಬ ಊರಿನ ಕಡೆಯ ನಮ್ಮ ಮನೆಯಿಂದ ದಾಖಲೆ ಅಪ್‌ಲೋಡ್ ಮಾಡಲು ಸಿಗ್ನಲ್ ಸಿಗುವ ಏರಿನ ತನಕ ಕೊಡೆ ಹಿಡಿದು ನಡೆಯಬೇಕಿತ್ತು. ಆದ್ದರಿಂದ ಎಲ್ಲ ಕಾಗದಗಳನ್ನೂ ಮೇ ತಿಂಗಳೊಳಗೆ ಸ್ಕ್ಯಾನ್ ಮಾಡಿ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಇದು ಕೊಡಗಿನವರಿಗೆಂದೇ ಹೇಳುವ ಮಾತು.

ಈಗ ವಿಳಾಸದ ವಿಷಯ. ವಿದ್ಯಾರ್ಥಿನಿಲಯದ ಕಾಯುವ ಪಟ್ಟಿಯಲ್ಲಿ ನನ್ನ ಹೆಸರು ಕೆಳಗಿತ್ತು. ಆ ಹೊತ್ತಿಗೆ ಕಡಿಮೆ ಬಾಡಿಗೆಯ ಒಂದು ಕೋಣೆ ಸಿಕ್ಕಿತು. ಫೋಟೋದಲ್ಲಿ ಚೆನ್ನಾಗಿತ್ತು, ಅಪ್ಪನೂ ಒಪ್ಪಿದ್ದರು. ಬಾಡಿಗೆಗೆ ಕೊಡುವವರು ಒಂದೇ ಷರತ್ತು ಹಾಕಿದರು: ಆ ಮನೆಯ ವಿಳಾಸದಲ್ಲಿ ನೋಂದಣಿ ಮಾಡಿಸಿಕೊಳ್ಳುವಂತಿಲ್ಲ. ಅಲ್ಲಿ ಮೊದಲೇ ಓದುತ್ತಿದ್ದ, ನಮ್ಮ ಕಾಲೇಜಿನ ಹಿರಿಯರೊಬ್ಬರಿಗೆ ಫೋನ್ ಮಾಡಿದೆ. ಅವರು, "ಬಾಡಿಗೆ ಎಷ್ಟೇ ಕಡಿಮೆಯಿರಲಿ, ಆ ಕೋಣೆ ಬೇಡ" ಎಂದರು. ನಾನು ಬಾಡಿಗೆ ಹೆಚ್ಚಿದ್ದ, ನೋಂದಣಿಗೆ ಒಪ್ಪಿದ ಇನ್ನೊಂದು ಹಂಚಿಕೆಯ ಮನೆಯ ಕೋಣೆಯನ್ನು ಹಿಡಿದೆ. 992ರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಅದಕ್ಕೇ ಹೋಗುತ್ತಿತ್ತು. ಆದರೂ ಆ ತೀರ್ಮಾನ ಸರಿಯಾಗಿತ್ತು ಎಂದು ಇವತ್ತಿಗೂ ಹೇಳುತ್ತೇನೆ. ಕೋಣೆ ನೋಡುವ ಮೊದಲೇ, ಕರಾರು ಪತ್ರವಿಲ್ಲದೆ ಮುಂಗಡ ಕಳುಹಿಸಿ ಎನ್ನುವವರನ್ನಂತೂ ನಂಬಬಾರದು. ನಾನು ವಿಡಿಯೋ ಕರೆಯಲ್ಲಿ ಮನೆ ನೋಡಿ, ಆ ಹಿರಿಯರನ್ನು ಒಮ್ಮೆ ಅಲ್ಲಿಗೆ ಕಳುಹಿಸಿ, ಕರಾರಿಗೆ ಸಹಿ ಆದ ಮೇಲೆಯೇ ಹಣ ಕಟ್ಟಿದೆ. ಮುಂಗಡ ಎಷ್ಟೆಂದರೂ ಮೂರು ತಿಂಗಳ ಮೂಲ ಬಾಡಿಗೆಯನ್ನು ಮೀರುವಂತಿಲ್ಲ ಎಂದು ಅಲ್ಲಿನ ಕಾನೂನೇ ಹೇಳುತ್ತದೆ.

ಕೈಲ್‌ಪೊಳ್ದ್ ಹಬ್ಬ ಮುಗಿಸಿಕೊಂಡು ಸೆಪ್ಟೆಂಬರ್ ಕೊನೆಯಲ್ಲಿ ಹೊರಟೆ. ಫ್ರಾಂಕ್‌ಫರ್ಟಿನಲ್ಲಿ ಇಳಿದು ರೈಲು ಹಿಡಿದರೆ ಗಟ್ಟಿಂಗನ್‌ಗೆ ಸುಮಾರು ಎರಡು ಗಂಟೆ. ಮನೆ ಸೇರಿದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಾಸದ ನೋಂದಣಿ ಮಾಡಿಸಬೇಕು. ಇದಕ್ಕೆ ಆನ್‌ಮೆಲ್ಡುಂಗ್ ಎನ್ನುತ್ತಾರೆ. ಬಾಡಿಗೆ ಕರಾರು ಇದ್ದರೆ ಸಾಲದು. ಇಂಥವರು ನನ್ನ ಮನೆಯಲ್ಲಿ ಇಂಥ ದಿನದಿಂದ ಇದ್ದಾರೆ ಎಂದು ಮನೆ ಕೊಟ್ಟವರು ಸಹಿ ಮಾಡಿದ ಪ್ರತ್ಯೇಕ ಪತ್ರ ಬೇಕು. ಅದನ್ನು ಕೀಲಿ ಕೈಗೆ ತೆಗೆದುಕೊಳ್ಳುವಾಗಲೇ ಕೇಳಿ ಪಡೆದೆ. ಕಚೇರಿಗೆ ಹೋಗಲು ಮುಂಚಿತವಾಗಿ ಸಮಯ ಗೊತ್ತುಮಾಡಿಕೊಳ್ಳಬೇಕು, ಅದನ್ನು ಊರಿನಿಂದಲೇ ಆನ್‌ಲೈನ್‌ನಲ್ಲಿ ಮಾಡಿದ್ದೆ. ನೋಂದಣಿ ಪತ್ರ ಕೈಗೆ ಬಂದ ಮೇಲೆ ಉಳಿದದ್ದು ಸಲೀಸು. ಅದನ್ನು ತೋರಿಸಿ ಬ್ಯಾಂಕ್ ಖಾತೆ ತೆರೆದೆ, ಖಾತೆ ಸಂಖ್ಯೆ ಕೊಟ್ಟ ಮೇಲೆ ನಿರ್ಬಂಧಿತ ಹಣ ತಿಂಗಳು ತಿಂಗಳು ಬರಲು ತೊಡಗಿತು, ಆರೋಗ್ಯ ವಿಮೆಯವರು ಮಾಹಿತಿಯನ್ನು ವಿಶ್ವವಿದ್ಯಾಲಯಕ್ಕೆ ನೇರವಾಗಿ ಕಳುಹಿಸಿದರು.

ನಮ್ಮವರಿಗೆ ವಿಚಿತ್ರವೆನಿಸುವ ಒಂದು ಸಂಗತಿ ಇಲ್ಲಿದೆ. ಅಲ್ಲಿನ ವಿಳಾಸಗಳಲ್ಲಿ ಸಾಮಾನ್ಯವಾಗಿ ಕಟ್ಟಡದ ಸಂಖ್ಯೆ ಇರುತ್ತದೆಯೇ ಹೊರತು ಕೋಣೆಯ ಸಂಖ್ಯೆ ಇರುವುದಿಲ್ಲ. ಅಂಚೆಯವರು ಪೆಟ್ಟಿಗೆಯ ಮೇಲಿನ ಕುಟುಂಬದ ಹೆಸರು ನೋಡಿ ಪತ್ರ ಹಾಕುತ್ತಾರೆ. ಹೆಸರಿಲ್ಲದಿದ್ದರೆ ಪತ್ರ ಬಂದ ದಾರಿಯಲ್ಲೇ ವಾಪಸ್. ನಮ್ಮ ಊರಿನಲ್ಲಿ ಒಕ್ಕದ, ಅಂದರೆ ಮನೆತನದ, ಹೆಸರು ಬರೆದು ಅಂಚೆ ಕಚೇರಿಯ ಹೆಸರು ಹಾಕಿದರೆ ಸಾಕು, ಅಂಚೆಯವರಿಗೆ ತೋಟದ ದಾರಿಯೂ ಗೊತ್ತು, ನಾವು ಇಲ್ಲದಿದ್ದರೆ ರಸ್ತೆ ಬದಿಯ ಅಂಗಡಿಯಲ್ಲಿ ಕೊಟ್ಟು ಹೋಗುತ್ತಾರೆ. ಅಲ್ಲಿ ಆ ಪರಿಚಯ ಇರುವುದಿಲ್ಲ. ಮನೆಹೆಸರನ್ನು ನಾವೇ ಬರೆದು ಅಂಟಿಸಬೇಕು. ಪೆಟ್ಟಿಗೆಯ ಮೇಲೂ ಕರೆಗಂಟೆಯ ಪಕ್ಕದಲ್ಲೂ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ಮನೆಹೆಸರು ಬರೆದು ಅಂಟಿಸಿದ್ದು ನಾನು ಆ ಕೋಣೆಯಲ್ಲಿ ಮಾಡಿದ ಮೊದಲ ಕೆಲಸ. ಬ್ಯಾಂಕ್ ಕಾರ್ಡ್ ಒಂದು ಪತ್ರದಲ್ಲಿ, ಅದರ ಪಿನ್ ಇನ್ನೊಂದರಲ್ಲಿ, ವಿಮೆಯ ಕಾರ್ಡ್, ಹನ್ನೊಂದು ಅಂಕಿಯ ತೆರಿಗೆ ಸಂಖ್ಯೆ, ಎಲ್ಲವೂ ಬರುವುದು ಆ ಪೆಟ್ಟಿಗೆಗೇ. ಪ್ರಸಾರ ಶುಲ್ಕದ ಪತ್ರವೂ ಬರುತ್ತದೆ. ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೋ, ಟಿವಿ ಇಲ್ಲ ಎಂದರೂ ಬಿಡುವುದಿಲ್ಲ. ಅದು ತಲೆಗೊಂದಲ್ಲ, ಮನೆಗೊಂದು. ಆದ್ದರಿಂದ ಜೊತೆಯಲ್ಲಿರುವವರೊಂದಿಗೆ ಹಂಚಿಕೊಳ್ಳಬಹುದು.

ಊಟದ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಹೊರಗಿನಿಂದ ಮಾಂಸ, ಹಾಲಿನ ಪದಾರ್ಥಗಳನ್ನು ಸಾಮಾನಿನಲ್ಲಿ ಯುರೋಪಿಗೆ ಒಯ್ಯುವಂತಿಲ್ಲ. ಅವ್ವ ಎಷ್ಟೇ ಪ್ರೀತಿಯಿಂದ ಕಟ್ಟಿಕೊಟ್ಟರೂ ಒಣಗಿಸಿದ ಹಂದಿಮಾಂಸ, ತುಪ್ಪ ಬೇಡ. ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ನಮ್ಮ ಕಿತ್ತಳೆಗೂ ಪ್ರವೇಶವಿಲ್ಲ. ಜೇನು ಎರಡು ಕಿಲೋವರೆಗೆ ಒಯ್ಯಬಹುದು. ಕಾಫಿಪುಡಿ, ಕಾಳುಮೆಣಸಿನ ಪುಡಿ, ಚೆನ್ನಾಗಿ ಬಿಗಿದ ಕಾಚಂಪುಳಿ (ಅಡುಗೆಗೆ ಹಾಕುವ ಕಪ್ಪು ಹುಳಿರಸ) ಬಾಟಲಿ ನನ್ನ ದೊಡ್ಡ ಬ್ಯಾಗಿನಲ್ಲಿದ್ದವು. ಹಂದಿಮಾಂಸ ಅಲ್ಲಿ ಧಾರಾಳವಾಗಿ ಸಿಗುವುದರಿಂದ ಕಾಚಂಪುಳಿ ಒಂದಿದ್ದರೆ ಪಂದಿಕರಿಗೆ ಕೊರತೆಯಿಲ್ಲ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರ ಸಂಜೆ ತಲುಪುವವರು ರೈಲು ನಿಲ್ದಾಣದ ಅಂಗಡಿಯಲ್ಲೇ ಏನಾದರೂ ಕೊಂಡು ಮನೆಗೆ ಹೋಗಿ. ನಲ್ಲಿ ನೀರು ಕುಡಿಯಬಹುದು. ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಠೇವಣಿ ಸೇರಿಸಿರುತ್ತಾರೆ, ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಹಾಕಿದರೆ ಆ ಹಣ ಹಿಂದಿರುಗುತ್ತದೆ.

ಕೋಣೆಯ ಗೋಡೆಯ ಬಗ್ಗೆ ಎಚ್ಚರವಿರಲಿ. ಕಕ್ಕಡ ತಿಂಗಳ ಮಳೆಯಲ್ಲಿ ಬೀರುವಿನ ಬಟ್ಟೆಗೆ, ಚಪ್ಪಲಿಗೆ ಬೂಷ್ಟು ಹಿಡಿಯುವುದನ್ನು ನೋಡಿ ಬೆಳೆದ ನಮಗೆ ಇದು ಬೇಗ ಅರ್ಥವಾಗುತ್ತದೆ. ಚಳಿಗಾಲದಲ್ಲಿ ಕಿಟಕಿ ಮುಚ್ಚಿ, ಹೀಟರ್ ಹಾಕಿ, ಒಳಗೇ ಬಟ್ಟೆ ಒಣಗಿಸಿ, ಅನ್ನ ಬೇಯಿಸಿದರೆ ಆ ತೇವವೆಲ್ಲ ತಣ್ಣನೆಯ ಗೋಡೆಯ ಮೇಲೆ ಕೂರುತ್ತದೆ. ಬೂಷ್ಟು ಬಂದರೆ ಮುಂಗಡದಲ್ಲಿ ಹಣ ಕಡಿತವಾಗುವ ಭಯ. ದಿನಕ್ಕೆ ಎರಡು ಮೂರು ಸಲ ಹೀಟರ್ ಆರಿಸಿ, ಕಿಟಕಿಯನ್ನು ಐದು ಹತ್ತು ನಿಮಿಷ ಪೂರ್ತಿ ತೆರೆದಿಡುವುದು ಅಲ್ಲಿನವರ ಕ್ರಮ. ಅರ್ಧ ತೆರೆದು ಇಡೀ ದಿನ ಬಿಡುವುದರಿಂದ ಕೋಣೆ ತಣ್ಣಗಾಗುತ್ತದೆ, ತೇವ ಮಾತ್ರ ಹೋಗುವುದಿಲ್ಲ. ಹೀಟರಿನ ತಿರುಗುಗುಂಡಿಯಲ್ಲಿ 3 ಎಂದರೆ ಸುಮಾರು 20 ಡಿಗ್ರಿ, ಅಷ್ಟು ಸಾಕು.

ತರಗತಿಗಳು ಅಕ್ಟೋಬರ್ ಮಧ್ಯದ ಹೊತ್ತಿಗೆ ಶುರುವಾದವು. ವೇಳಾಪಟ್ಟಿಯಲ್ಲಿ ಸಮಯದ ಮುಂದೆ 'ಸಿ.ಟಿ.' ಎಂದಿದ್ದರೆ ಪಾಠ ಆರಂಭವಾಗುವುದು ಕಾಲು ಗಂಟೆ ತಡವಾಗಿ. ಪರೀಕ್ಷೆಗೆ ಗಡುವಿನೊಳಗೆ ನಾವೇ ಆನ್‌ಲೈನ್‌ನಲ್ಲಿ ಹೆಸರು ಕೊಡಬೇಕು, ಕೊಡದಿದ್ದರೆ ಕೂರಲು ಬಿಡುವುದಿಲ್ಲ. ಇದನ್ನು ಮೊದಲ ವಾರವೇ ವಿಭಾಗದಲ್ಲಿ ವಿಚಾರಿಸಿ ತಿಳಿದುಕೊಂಡೆ. ಗಟ್ಟಿಂಗನ್ನಿನ ಪೂರ್ವಕ್ಕಿರುವ ಬೀಚ್ ಮರಗಳ ಕಾಡಿಗೆ ನಡೆದೇ ಹೋಗಬಹುದು. ಎಲೆ ಹಳದಿಯಾಗಿ ಉದುರುತ್ತಿದ್ದ ಆ ಕಾಡಿನಲ್ಲಿ ಸಹಪಾಠಿಗಳಿಗೆ ನಮ್ಮ ದೇವರಕಾಡುಗಳ ಬಗ್ಗೆ ಹೇಳಿದೆ: ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚಿವೆ, ಮರ ಕಡಿಯಬಾರದೆಂಬ ಕಟ್ಟಳೆಯನ್ನು ಊರೇ ಕಾಯುತ್ತದೆ ಎಂದು. ಅವರು ಕೇಳಿದ ಪ್ರಶ್ನೆಗಳು ಒಳ್ಳೆಯವು. ಜಾಗ ಯಾರದು, ಒತ್ತುವರಿ ಆದರೆ ಯಾರು ತಡೆಯುತ್ತಾರೆ? ನನ್ನ ಪ್ರಬಂಧದ ವಿಷಯ ಹುಟ್ಟಿದ್ದು ಆ ಮಾತುಕತೆಯಿಂದ.

ಆ ವಾರದಲ್ಲೇ ಕಾವೇರಿ ಸಂಕ್ರಮಣವೂ ಬಂತು. ತಲಕಾವೇರಿಯ ತೀರ್ಥೋದ್ಭವವನ್ನು ಮೊಬೈಲಿನಲ್ಲಿ ನೋಡಿ ಕಣ್ಣೀರಿಟ್ಟೆ. ಮನೆ ನೆನಪಾಗುವುದು ದೌರ್ಬಲ್ಯವಲ್ಲ, ಅದಕ್ಕೂ ದಿನದಲ್ಲಿ ಹೊತ್ತು ಕೊಡಬೇಕು. ಅಕ್ಟೋಬರಿನ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಮೂರೂವರೆ ಗಂಟೆಯ ಅಂತರ ನಾಲ್ಕೂವರೆ ಆಗುತ್ತದೆ. ಬೇಗ ಮಲಗುವ ಅವ್ವನಿಗೆ ಇದನ್ನು ಮೊದಲೇ ಹೇಳಿಟ್ಟು, ಕರೆಯ ಹೊತ್ತನ್ನು ಬದಲಿಸಿಕೊಂಡೆ. ಡಿಸೆಂಬರಿನಲ್ಲಿ ನಾಲ್ಕೂವರೆಗೆ ಮುಂಚೆಯೇ ಕತ್ತಲಾಗಲು ತೊಡಗುತ್ತದೆ. ಆ ಸಮಯಕ್ಕೆ ಸರಿಯಾಗಿ ಮನೆಯವರ ದನಿ ಕೇಳುವುದು ನನಗೆ ಬಹಳ ಆಸರೆಯಾಯಿತು.

ವೀಸಾದ ಅವಧಿ ಕೆಲವೇ ತಿಂಗಳಿರುತ್ತದೆ, ಅದು ಮುಗಿಯುವ ಮೊದಲೇ ವಿದೇಶಿಯರ ಕಚೇರಿಯಲ್ಲಿ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಅಲ್ಲೂ ಮೊದಲು ಕೇಳಿದ್ದು ನೋಂದಣಿ ಪತ್ರವನ್ನೇ. ಮುಂದಿನ ಸಾಲಿನಲ್ಲಿ ನಮ್ಮ ಕಡೆಯಿಂದ ಹೊರಡುವವರು ಪ್ರವೇಶಪತ್ರ ಬಂದ ದಿನವೇ ವಿದ್ಯಾರ್ಥಿನಿಲಯಕ್ಕೆ ಅರ್ಜಿ ಹಾಕಿ, ವೀಸಾ ಬರಲಿ ಎಂದು ಕಾಯಬೇಡಿ. ಕೋಣೆ ತೋರಿಸುವವರಿಗೆ ಬಾಡಿಗೆ ಎಷ್ಟು ಎಂದು ಕೇಳುವ ಮೊದಲು, ಈ ವಿಳಾಸದಲ್ಲಿ ನೋಂದಣಿ ಮಾಡಿಸಬಹುದೇ ಎಂದು ಕೇಳಿ.